ಕಾರಣ ತಿಳಿಸದೆ ಗೈರುಹಾಜರಿ

ಆಲ್ವೀನೆ ಡ್ರೆಪ್ಪರ್‌ಗೆ ನಮ್ಮ ಹೋಲ್ಟೆನ್‌ಬೆಕ್ ನಗರಸಭೆ ಐದು ದಿನದ ಸಂಬಳ ಕೊಡಬೇಕು. ಎಪ್ಪತ್ತು ಮಾರ್ಕು. ಸಾವಿರದ ಒಂಬೈನೂರ ಇಪ್ಪತ್ತನೇ ಇಸವಿಯ ಮಾರ್ಚ್ ಹದಿನೈದು ಸೋಮವಾರದಿಂದ ಹತ್ತೊಂಬತ್ತು ಶುಕ್ರವಾರದವರೆಗಿನದು. ಹತ್ತು ವರ್ಷವಾಯಿತು, ಇನ್ನೂ ಬಾಕಿ ಇದೆ. ಕೊಡುವುದಿಲ್ಲ ಎಂದು ನಗರಸಭೆ ಯಾವತ್ತೂ ಹೇಳಿಲ್ಲ, ಅದನ್ನೂ ಹೇಳಿಬಿಡಬೇಕು. ಮೂರು ಸಲ ಕೊಡಲು ಬಂದರು. ಮೂರು ಸಲವೂ ಬೇಡ ಎಂದವಳು ಅವಳೇ.

ನಾನು ಯೋಬ್ಸ್ಟ್, ಗ್ಯಾಸ್ ಕಾರ್ಖಾನೆಯಲ್ಲಿ ಕಲ್ಲಿದ್ದಲು ಹಾಕುವವನು. ನಮ್ಮದು ಒಂದೇ ಕಟ್ಟಡ. ಅವಳದು ಎರಡನೇ ಮಹಡಿ, ನಮ್ಮದು ನೆಲಮಹಡಿ. ಅವಳ ಅಪ್ಪ ವೇಸರ್ ನದಿಯ ದೋಣಿಯವನು. ಗಂಡ ಬಡಗಿ, ಹದಿನೇಳನೇ ಇಸವಿಯಲ್ಲಿ ಫ್ಲಾಂಡರ್ಸ್‌ನ ಯುದ್ಧದ ಕೆಸರಲ್ಲಿ ಸತ್ತ. ಗಂಡಸರೆಲ್ಲ ಯುದ್ಧಕ್ಕೆ ಹೋಗಿ ಕಚೇರಿಗಳು ಖಾಲಿಯಾದಾಗ, ಅಕ್ಷರ ದುಂಡಗಿದೆ ಅನ್ನುವ ಒಂದೇ ಕಾರಣಕ್ಕೆ ಇವಳನ್ನು ಪಡಿತರ ಕಚೇರಿಯ ನಾಲ್ಕನೇ ಕಿಟಕಿಯಲ್ಲಿ ಕೂರಿಸಿದರು. ಬ್ರೆಡ್ ಚೀಟಿ ಕೊಡುವ ಕಿಟಕಿ ಅದು. ಚೀಟಿಯ ಮೇಲೆ ನೇರಳೆ ಬಣ್ಣದ ದುಂಡನೆ ಠಸ್ಸೆ ಬಿದ್ದರೆ ಬ್ರೆಡ್ಡು, ಬೀಳದಿದ್ದರೆ ಉಪವಾಸ. ಆ ಠಸ್ಸೆ ಇವಳ ಕೈಯಲ್ಲಿತ್ತು.

ಅಂಥ ಕೆಲಸ ಸಿಕ್ಕಿದರೆ ಜನ ಏನು ಮಾಡುತ್ತಾರೆ ಎಂಬುದು ನಿಮಗೂ ಗೊತ್ತು. ಗಾಳಿ ಬಂದಾಗ ತೂರಿಕೊಳ್ಳುತ್ತಾರೆ. ಇವಳು ಸ್ವಂತ ಅಕ್ಕನಿಗೂ ಒಂದು ಚೀಟಿ ಹೆಚ್ಚಿಗೆ ಕೊಡಲಿಲ್ಲ. ನನ್ನ ಹೆಂಡತಿ ಒಮ್ಮೆ ನಾಚಿಕೆ ಬಿಟ್ಟು ಕೇಳಿದಳು. ಆಲ್ವೀನೆ ಇಲ್ಲ ಎಂದಳು. ಅವತ್ತು ಸಂಜೆ ಮೆಟ್ಟಿಲಿಳಿದು ಬಂದು ತನ್ನ ಪಾಲಿನ ಬ್ರೆಡ್ಡನ್ನು ಅರ್ಧ ಕತ್ತರಿಸಿ ನಮ್ಮ ಮೇಜಿನ ಮೇಲಿಟ್ಟು, "ಇದು ನಂದು. ಅದು ಊರಿಂದು" ಎಂದು ಹೇಳಿ ಹೋದಳು. ನನ್ನ ಹೆಂಡತಿಗೆ ಒಂದು ವಾರ ಅವಳ ಮುಖ ನೋಡಲಾಗಲಿಲ್ಲ. ಬ್ರೆಡ್ಡನ್ನಂತೂ ತಿಂದೆವು.

ಹತ್ತೊಂಬತ್ತರ ಜನವರಿಯಲ್ಲಿ ಹೆಂಗಸರಿಗೆ ಮೊದಲ ಸಲ ಮತ ಬಂತು. ಶಾಲೆಯ ಮುಂದೆ ಹಿಮ ತುಳಿದು ಕೆಸರು ಮಾಡಿಕೊಂಡು ಅವರು ನಿಂತಿದ್ದ ಸಾಲು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹೊಟ್ಟೆಯಲ್ಲಿ ಬರೀ ಟರ್ನಿಪ್ ಗಡ್ಡೆ, ತಲೆಯ ಮೇಲೆ ಇಗರ್ಜಿಗೆ ಹಾಕುವ ಟೊಪ್ಪಿ. ಆಲ್ವೀನೆ ಮಗಳು ಗೇಸಿನೆಯ ಕೈ ಹಿಡಿದು ಬಂದಿದ್ದಳು. ಹಿಂದಿರುಗುವಾಗ ನಾನು ತಮಾಷೆಗೆ ಕೇಳಿದೆ:

"ಏನಾಯ್ತು ಆಲ್ವೀನೆ, ಚೀಟಿ ಹಾಕಿದ್ಯಲ್ಲ, ಬ್ರೆಡ್ ಬಂತಾ?"

"ಯೋಬ್ಸ್ಟ್, ನನ್ನನ್ನ ಒಂದು ಮಾತೂ ಕೇಳ್ದೆ ನನ್ನ ಗಂಡನ್ನ ಯುದ್ಧಕ್ಕೆ ಕಳಿಸಿದ್ರು. ಇನ್ಮೇಲೆ ಕೇಳ್ಬೇಕು. ಅಷ್ಟೇ ಬಂದಿದ್ದು, ಸದ್ಯಕ್ಕೆ ಅಷ್ಟು ಸಾಕು."

ಹದಿನಾಲ್ಕು ತಿಂಗಳು ಕಳೆಯಿತು. ಮಾರ್ಚಿನ ಒಂದು ಶನಿವಾರ ಸುದ್ದಿ ಬಂತು. ಬರ್ಲಿನ್ನಿನಲ್ಲಿ ಕೆಲವು ಸೇನಾಧಿಕಾರಿಗಳು ಹಳೇ ಚಕ್ರವರ್ತಿಯ ಬಾವುಟ ಎತ್ತಿಕೊಂಡು ಬಂದು ಕುರ್ಚಿ ಹಿಡಿದಿದ್ದಾರೆ, ನಾವು ಆರಿಸಿದ ಮಂತ್ರಿಗಳು ಕಾರು ಹತ್ತಿ ಓಡಿದ್ದಾರೆ. ದೇಶದಲ್ಲೆಲ್ಲ ಕೆಲಸ ನಿಲ್ಲಿಸಿ ಎಂದು ಕರೆ ಬಂತು. ಭಾನುವಾರ ಬೆಳಿಗ್ಗೆ ಹೆಂಡದಂಗಡಿಯ ಹಿಂದಿನ ದೊಡ್ಡ ಕೋಣೆಯಲ್ಲಿ ಸಭೆ. ರೈಲಿನವರು ಕೈ ಎತ್ತಿದರು, ಅಚ್ಚುಕೂಟದವರು ಎತ್ತಿದರು, ನಾವು ಗ್ಯಾಸಿನವರು ಎತ್ತಿದೆವು. ಮೇಷ್ಟ್ರುಗಳೂ ಎತ್ತಿದ್ದು ನೋಡಿ ನಮಗೇ ಆಶ್ಚರ್ಯ. ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದಾಗ ಹಿಂದಿನ ಬೆಂಚಿನಿಂದ ಆಲ್ವೀನೆ ಎದ್ದಳು.

"ನಾಳೆಯಿಂದ ಹೊಸ ವಾರದ ಬ್ರೆಡ್ ಚೀಟಿ ಕೊಡ್ಬೇಕು. ನನ್ನ ಕಿಟಕಿ ಮುಚ್ಚಿದ್ರೆ ಮಕ್ಕಳು ಏನ್ ತಿನ್ತವೆ? ಭಾಷಣ ತಿನ್ತವಾ?"

ಉತ್ತರವನ್ನೂ ಅವಳೇ ಕೊಟ್ಟಳು. ಅವತ್ತು ಮಧ್ಯಾಹ್ನ ಕಚೇರಿ ತೆರೆದು, ಇನ್ನಿಬ್ಬರು ಹೆಂಗಸರನ್ನು ಕೂರಿಸಿಕೊಂಡು, ಮೂರು ಸಾವಿರ ಮನೆಗಳ ಚೀಟಿಗೆ ಠಸ್ಸೆ ಒತ್ತಿ ಊರೆಲ್ಲ ಹಂಚಿಸಿದಳು. ಸಂಜೆಯ ಹೊತ್ತಿಗೆ ಬೆರಳು ಊದಿ, ಮೊಣಕೈತನಕ ನೇರಳೆ. ಆಮೇಲೆ ಕಚೇರಿಗೆ ಬೀಗ ಹಾಕಿದಳು. ಠಸ್ಸೆಯನ್ನು ಕರವಸ್ತ್ರದಲ್ಲಿ ಸುತ್ತಿ ಏಪ್ರನ್ ಜೇಬಿಗೆ ಹಾಕಿಕೊಂಡು ಮನೆಗೆ ಬಂದಳು.

ಸೋಮವಾರ ಮಧ್ಯಾಹ್ನ ನಾಲ್ಕು ಲಾರಿಗಳಲ್ಲಿ ಬಾಡಿಗೆ ಸೈನಿಕರು ಬಂದಿಳಿದರು. ನೂರೈವತ್ತು ಜನ ಇದ್ದರೇನೋ. ಯುದ್ಧ ಮುಗಿದರೂ ಮನೆಗೆ ಹೋಗಲು ಮನಸ್ಸಿಲ್ಲದ ಹುಡುಗರು. ನಗರಸಭೆಯ ಮೇಲೆ ಹಳೇ ಬಾವುಟ ಏರಿಸಿದರು. ಆಮೇಲೆ ಅವರಿಗೆ ಹಸಿವಾಯಿತು.

ಇಲ್ಲಿಂದ ಮುಂದಿನದನ್ನು ಬೇರೆ ದೇಶದವರಿಗೆ ಹೇಳಿದರೆ ನಂಬುವುದಿಲ್ಲ. ನೂರೈವತ್ತು ಬಂದೂಕು ಇದ್ದವರು ಬೇಕರಿ ದೋಚಬಹುದಿತ್ತು. ದೋಚಲಿಲ್ಲ. ಸರ್ಕಾರವನ್ನೇ ಕದ್ದವರಾದರೂ ಬ್ರೆಡ್ಡನ್ನು ಮಾತ್ರ ನಿಯಮದ ಪ್ರಕಾರ ತೆಗೆದುಕೊಳ್ಳಬೇಕು ಎಂದು ಅವರ ನಾಯಕ ಲೆಫ್ಟಿನೆಂಟನಿಗೆ ಹಟ. ಪಡಿತರ ಕಚೇರಿಯ ಬೀಗ ಒಡೆಸಿದ. ಚೀಟಿಯ ಕಟ್ಟು ಸಿಕ್ಕಿತು. ಅದನ್ನೇ ಎತ್ತಿಕೊಂಡು ಮೈನೆಕೆಯ ಬೇಕರಿಗೆ ಬಂದ. ಮೈನೆಕೆ ನಮ್ಮ ಕೂಲಿಕಾರರ ಪಕ್ಷದವನೂ ಅಲ್ಲ, ಮುಷ್ಕರ ಅಂದರೆ ಮೈಮೇಲೆ ಬಿಸಿನೀರು ಬಿದ್ದವನ ಹಾಗೆ ಆಡುತ್ತಿದ್ದವನು. ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಲೆಫ್ಟಿನೆಂಟ್ ಸಾಹೇಬ್ರೇ, ಇದರ ಮೇಲೆ ಠಸ್ಸೆ ಇಲ್ಲ."

"ನಾನೇ ಬಂದಿದೀನಲ್ಲಯ್ಯ, ಇನ್ಯಾವ ಠಸ್ಸೆ?"

"ನೀವು ಬಂದಿದೀರಿ, ಸಂತೋಷ. ಆದ್ರೆ ತಿಂಗಳ ಕೊನೇಗೆ ನಾನು ಚೀಟಿ ವಾಪಸ್ ಕೊಟ್ರೇನೆ ನಂಗೆ ಹಿಟ್ಟು ಕೊಡೋದು. ಠಸ್ಸೆ ಇಲ್ದಿದ್ರೆ ಇದು ಬರೀ ಕಾಗದ. ನಿಮ್ಮನ್ನ ಚೀಟಿ ಜೊತೆ ಅಂಟಿಸಿ ಕಳಿಸೋಕಾಗುತ್ತಾ?"

ಲೆಫ್ಟಿನೆಂಟನಿಗೆ ಆ ಮಾತು ಸರಿ ಅನ್ನಿಸಿಬಿಟ್ಟಿತು! ಅದೇ ನಮ್ಮ ಜನ. ಠಸ್ಸೆ ಹುಡುಕಿಕೊಂಡು ಹೊರಟ. ಪಡಿತರ ಕಚೇರಿಯ ಮುಖ್ಯಸ್ಥ ಹೆರ್ ಕ್ವಾಂಟೆ ಮನೆಯಲ್ಲಿ ಜ್ವರ ಎಂದು ಮಲಗಿದ್ದರು, ಬಾಗಿಲು ತೆರೆಯಲಿಲ್ಲ. ಯಾರೋ ಚೌಕದ ಕಡೆ ಬೆರಳು ತೋರಿಸಿದರು. ಚೌಕದಲ್ಲಿ ಆಲ್ವೀನೆ ಬಟ್ಟೆ ಕುದಿಸುವ ತಾಮ್ರದ ಹಂಡೆಯಲ್ಲಿ ಆಲೂಗಡ್ಡೆ ಸೂಪು ಕದಡುತ್ತಿದ್ದಳು. ಊರಿನಲ್ಲಿ ಗ್ಯಾಸ್ ಇರಲಿಲ್ಲವಲ್ಲ, ನಾವೇ ನಿಲ್ಲಿಸಿದ್ದು. ಆದ್ದರಿಂದ ಅಡುಗೆಯೆಲ್ಲ ಬೀದಿಗೆ ಬಂದಿತ್ತು.

"ಫ್ರೌ ಡ್ರೆಪ್ಪರ್ ಅಂದ್ರೆ ನೀವೇನಾ? ಠಸ್ಸೆ ಎಲ್ಲಿ?"

"ಕಚೇರಿ ಕೆಲ್ಸದ ಮಾತು ಕಚೇರೀಲಿ ಕೇಳಿ."

"ಕಚೇರಿ ಮುಚ್ಚಿದೆ!"

"ಹೌದು. ಮುಷ್ಕರ."

"ಯಾವಾಗ ತೆರೀತೀರಿ?"

"ನೀವು ಹೋದ್ಮೇಲೆ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಲೆಫ್ಟಿನೆಂಟನ ಕಿವಿ ಕೆಂಪಾಯಿತು, ಕೈ ಪಿಸ್ತೂಲಿನ ಮೇಲೆ ಹೋಯಿತು. ಆಲ್ವೀನೆ ಸೌಟು ಕೆಳಗಿಡಲಿಲ್ಲ. "ನಿಮಗೆ ಇಪ್ಪತ್ತೆರಡೂ ತುಂಬಿಲ್ಲ ಅನ್ಸುತ್ತೆ. ಬಟ್ಟಲು ತಂದಿದ್ರೆ ಸಾಲಲ್ಲಿ ನಿಂತ್ಕೊಳ್ಳಿ, ಸೂಪಿಗೆ ಠಸ್ಸೆ ಬೇಡ" ಎಂದಳು. ಅವನು ತಿರುಗಿ ಹೋದ. ಅವನ ಸೈನಿಕರಲ್ಲಿ ಏಳೆಂಟು ಜನ ಮಾರನೇ ದಿನ ಬಟ್ಟಲು ಹಿಡಿದು ಬಂದರು, ಬಂದೂಕು ಇಲ್ಲದೆ.

ಬುಧವಾರ ಬರ್ಲಿನ್ನಿನ ಕುರ್ಚಿ ಕಾಲು ಮುರಿದು ಬಿತ್ತು. ಗುರುವಾರ ಲಾರಿಗಳು ಹೊರಟವು. ಅವರನ್ನು ಓಡಿಸಿದ್ದು ನಮ್ಮ ಊರಿನ ಠಸ್ಸೆ ಎಂದು ನಾನು ಜಂಬ ಕೊಚ್ಚುವುದಿಲ್ಲ. ದೇಶದಲ್ಲಿ ಲಕ್ಷಾಂತರ ಜನ ಕೈ ಕಟ್ಟಿ ಕೂತಿದ್ದರು. ಗಣಿಯ ಊರುಗಳಲ್ಲಿ ಜನ ಸತ್ತರು, ನಮ್ಮಲ್ಲಿ ಯಾರೂ ಸಾಯಲಿಲ್ಲ. ನಾವು ಶುಕ್ರವಾರದವರೆಗೂ ಕೂತೆವು, ಪೂರ್ತಿ ನಂಬಿಕೆ ಬರಲಿ ಎಂದು.

ಆ ಐದು ದಿನ! ಬಾಯಿ ತುಂಬ ಹೇಳಬೇಕು ಅನ್ನಿಸುತ್ತದೆ, ಹೇಳಲು ಹೋದರೆ ಏನೂ ಇಲ್ಲ. ಕಾರ್ಖಾನೆಯ ಕೊಂಬು ಕೂಗಲಿಲ್ಲ. ರೈಲು ಬರಲಿಲ್ಲ. ವೇಸರ್ ಹರಿಯುವ ಸದ್ದು ಚೌಕಕ್ಕೆ ಕೇಳುತ್ತದೆ ಎಂದು ನನಗೆ ಐವತ್ತು ವರ್ಷವಾದರೂ ಗೊತ್ತಿರಲಿಲ್ಲ. ಬಿಸಿಲು ಎಳೆಯದು, ಗೋಡೆಯ ಬುಡದಲ್ಲಿ ಹಳದಿ ಪ್ರಿಮ್ರೋಸ್ ಹೂ ಬಿಟ್ಟಿತ್ತು. ಇಗರ್ಜಿಯ ಪಾದ್ರಿಯ ಹೆಂಡತಿ ಒಂದು ಬುಟ್ಟಿ ಈರುಳ್ಳಿ ತಂದು, ಯಾರಿಗೂ ಹೇಳಬೇಡಿ ಎಂದು ಜೋರಾಗಿ ಹೇಳಿ ಹೋದಳು. ಒಬ್ಬರಿಗೊಬ್ಬರು ನಮಸ್ಕಾರ ಹೇಳದಿದ್ದವರು ಒಂದೇ ಸೌಟಿನ ಸೂಪು ಕುಡಿದೆವು. ಸೂಪಿನಲ್ಲಿ ಉಪ್ಪು ಕಮ್ಮಿ. ಆಮೇಲೆ ಎಷ್ಟೋ ಒಳ್ಳೆಯ ಊಟ ಉಂಡಿದ್ದೇನೆ, ಹಂದಿಮಾಂಸ, ಬೆಣ್ಣೆ, ಎಲ್ಲ. ಆ ನೀರು ಸೂಪಿನ ರುಚಿ ಮಾತ್ರ ಮತ್ತೆ ಸಿಗಲಿಲ್ಲ. ಹೆದರಿಕೆ ಬೆರೆತಿತ್ತಲ್ಲ, ಅದಕ್ಕಿರಬೇಕು.

ಶನಿವಾರ ಕೆಲಸಕ್ಕೆ ಹೋದೆವು. ಮುಷ್ಕರದ ದಿನಗಳ ಸಂಬಳ ಕೊಡಬೇಕು ಎಂದು ಕಾರ್ಮಿಕ ಸಂಘಗಳು ಕೇಳಿದವು. ಕೊಡೋಣ ಎಂದು ನಗರಸಭೆಯೂ ಒಪ್ಪಿತು. ಖಜಾಂಚಿ ಮಾತ್ರ ತಲೆ ಕೆರೆದುಕೊಂಡ. ಸಂಬಳದ ಪಟ್ಟಿಯಲ್ಲಿ ಕಾಯಿಲೆಗೆ ಅಂಕಣವಿದೆ, ಹವಾಮಾನಕ್ಕಿದೆ, ಯಂತ್ರ ದುರಸ್ತಿಗಿದೆ. ಮುಷ್ಕರಕ್ಕೆ ಅಂಕಣ ಇಲ್ಲ. ಅಂಕಣ ಇಲ್ಲದ್ದಕ್ಕೆ ಹಣ ಕೊಡುವುದು ಹೇಗೆ? ಆಗ ಒಂದೊಂದು ವಿಭಾಗದವರೂ ಒಂದೊಂದು ಉಪಾಯ ಹೂಡಿದರು. ಮೇಷ್ಟ್ರುಗಳಿಗೆಲ್ಲ ಐದು ದಿನ ಫ್ಲೂ ಜ್ವರ ಬಂತು. ಊರಿನ ಕಿರುರೈಲಿನವರು ಹಳಿಯ ಮೇಲೆ ಹಿಮ ಬಿತ್ತು ಎಂದು ಬರೆದರು, ಪ್ರಿಮ್ರೋಸ್ ಅರಳಿದ್ದ ವಾರದಲ್ಲಿ. ನಮ್ಮ ಗ್ಯಾಸ್ ಕಾರ್ಖಾನೆಯಲ್ಲಿ ಬಾಯ್ಲರ್ ದುರಸ್ತಿ. ನಾನು ಓದಿದೆ, ನಕ್ಕೆ, ಸಹಿ ಹಾಕಿದೆ, ಹಣ ಎಣಿಸಿಕೊಂಡೆ. ಗೆದ್ದಿದ್ದೆವು, ಹಣವೂ ಬಂತು. ಇನ್ನೇನು ಬೇಕಿತ್ತು?

ಹೆರ್ ಕ್ವಾಂಟೆ ಆಲ್ವೀನೆಯನ್ನು ಕರೆದರು. ಕೆಟ್ಟ ಮನುಷ್ಯನಲ್ಲ ಆತ. ಎಲ್ಲದಕ್ಕೂ ಅಡ್ಡಗೋಡೆಯ ಮೇಲೆ ದೀಪ ಇಡುವವನು, ಅಷ್ಟೇ.

"ಫ್ರೌ ಡ್ರೆಪ್ಪರ್, ಇಲ್ಲೊಂದು ಸಹಿ ಹಾಕಿ. ಜ್ವರ ಅಂತ ಬರ್ದಿದೀನಿ."

"ಯಾರಿಗೆ ಜ್ವರ?"

"ನಿಮಗೆ."

"ನಂಗ್ಯಾವ ಜ್ವರಾನೂ ಬಂದಿರ್ಲಿಲ್ಲ ಹೆರ್ ಕ್ವಾಂಟೆ. ಕುದುರೆ ಇದ್ದಂಗಿದ್ದೆ. ಐದು ದಿನಾನೂ ಚೌಕದಲ್ಲಿ ಸೂಪ್ ಕದಡ್ತಾ ನಿಂತಿದ್ದೆ. ನೀವೇ ಪರದೆ ಸರಿಸಿ ನೋಡಿದ್ರಿ."

"ಅದು ನಂಗೂ ಗೊತ್ತು, ನಿಮಗೂ ಗೊತ್ತು. ಕಾಗದಕ್ಕೆ ಗೊತ್ತಾಗೋದು ಬೇಡ."

"ಮುಷ್ಕರ ಅಂತ ಬರೀರಿ."

"ಆ ಅಂಕಣ ಇಲ್ಲ."

"ಗೆರೆ ಎಳೀರಿ. ನಿಮ್ಮತ್ರ ಸ್ಕೇಲಿದೆ."

ಕ್ವಾಂಟೆ ಗೆರೆ ಎಳೆಯಲಿಲ್ಲ. ಬೇರೆ ದಾರಿ ಕಾಣದೆ, ಅವಳ ಹೆಸರಿನ ಮುಂದೆ 'ಕಾರಣ ತಿಳಿಸದೆ ಗೈರುಹಾಜರಿ, ಐದು ದಿನ' ಎಂದು ಬರೆದರು. ಸಂಬಳ ಕಡಿತವಾಯಿತು. ಅದಕ್ಕೂ ಅವಳು ಸಹಿ ಹಾಕಲಿಲ್ಲ. "ಕಾರಣ ತಿಳಿಸದೆ? ಇಡೀ ಊರಿನ ಮುಂದೆ ಕೂಗಿ ತಿಳಿಸಿದೀನಲ್ಲ!" ಎಂದು ಮಹಡಿಯ ಮೆಟ್ಟಿಲಲ್ಲಿ ನನ್ನ ಮೇಲೆ ರೇಗಿದಳು, ನಾನೇ ಬರೆದವನ ಹಾಗೆ.

ಅದೇ ವರ್ಷದ ಜೂನ್‌ನೊಳಗೆ ಫ್ರಾನ್ಸಿನ ಸೆರೆಯಿಂದ ಗಂಡಸರು ಮರಳಿದ್ದರು. ಹೆಂಗಸರು ಜಾಗ ಬಿಡಬೇಕು ಎಂದು ಆಜ್ಞೆ. ಆಲ್ವೀನೆಯೂ ಬಿಟ್ಟಳು. ಹೋಗುವಾಗ ಕೆಲಸದ ಪ್ರಮಾಣಪತ್ರ ಕೊಡುತ್ತಾರಲ್ಲ, ನಮ್ಮಲ್ಲಿ ಅದಿಲ್ಲದಿದ್ದರೆ ಬೀದಿ ಗುಡಿಸುವ ಕೆಲಸವೂ ಸಿಗುವುದಿಲ್ಲ. ಅವಳ ಪತ್ರದಲ್ಲಿ ಎಲ್ಲ ಒಳ್ಳೆಯದೇ ಇತ್ತು. ಅಕ್ಷರ ಚೆನ್ನ, ಲೆಕ್ಕ ಚೊಕ್ಕ, ನಡತೆ ನೇರ. ಕೊನೆಯಲ್ಲಿ ಒಂದೇ ಸಾಲು. ಕಾರಣ ತಿಳಿಸದೆ ಗೈರುಹಾಜರಿ, ಐದು ದಿನ. ದಾರದ ಕಾರ್ಖಾನೆಯ ಕಚೇರಿಯವರು ಓದಿ ವಾಪಸ್ ಕೊಟ್ಟರು. ಸಹಕಾರ ಬ್ಯಾಂಕಿನವರು ಓದಿ ವಾಪಸ್ ಕೊಟ್ಟರು. ಅವಳು ಊರವರ ಅಂಗಿ ಇಸ್ತ್ರಿ ಮಾಡಲು ಕೂತಳು. ಆರು ವರ್ಷ. ನೆಲಮಹಡಿಯವರೆಗೂ ಗಂಜಿ ಸುಟ್ಟ ವಾಸನೆ ಬರುತ್ತಿತ್ತು.

ಆರು ತಿಂಗಳಿಗೊಮ್ಮೆ ನಗರಸಭೆಗೆ ಕಾಗದ ಬರೆಯುತ್ತಿದ್ದಳು. ಒಂದೇ ಒಕ್ಕಣೆ: ನನ್ನ ಐದು ದಿನದ ಸಂಬಳ ಕೊಡಿ, ಕಾರಣದ ಜಾಗದಲ್ಲಿ ಮುಷ್ಕರ ಎಂದು ಬರೆಯಿರಿ. ಇಪ್ಪತ್ಮೂರರ ಅಕ್ಟೋಬರಿನಲ್ಲಿ ಉತ್ತರ ಬಂತು. ಹಣದ ಬೆಲೆ ನದಿಗೆ ಬಿದ್ದಿದ್ದ ಕಾಲ. ಬೆಳಿಗ್ಗೆ ಸಂಬಳ ಬಂದರೆ ನನ್ನ ಹೆಂಡತಿ ಕಾರ್ಖಾನೆಯ ಗೇಟಿನಲ್ಲೇ ಕಿತ್ತುಕೊಂಡು ಅಂಗಡಿಗೆ ಓಡಬೇಕು, ಮಧ್ಯಾಹ್ನವಾದರೆ ಅದು ರದ್ದಿ. ನಮ್ಮ ಮನೆಯಲ್ಲಿಟ್ಟಿದ್ದ ಸಂಘದ ಹಳೇ ನಡಾವಳಿ ಪುಸ್ತಕಗಳನ್ನು ನಾನೇ ಆ ಚಳಿಗಾಲದಲ್ಲಿ ಒಲೆಗೆ ಹಾಕಿದೆ, ಸೌದೆ ಇರಲಿಲ್ಲ. ಆ ತಪ್ಪನ್ನು ಆಮೇಲೆ ಹೇಳುತ್ತೇನೆ. ಲಕೋಟೆಯೊಳಗೆ ಎಪ್ಪತ್ತು ಮಾರ್ಕಿನ ನೋಟುಗಳು, ಜೊತೆಗೆ 'ಹಕ್ಕನ್ನು ಒಪ್ಪದೆ, ದಯೆಯಿಂದ' ಎಂಬ ಮಾತು. ಲಕೋಟೆಯ ಮೇಲೆ ಇಪ್ಪತ್ತು ಲಕ್ಷ ಮಾರ್ಕಿನ ಅಂಚೆಚೀಟಿ.

ಆಲ್ವೀನೆ ಅಷ್ಟು ನಕ್ಕಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತಳು. "ಗೇಸಿನೆ, ಅಂಚೆಚೀಟಿ ಬಿಡಿಸಿಕೋ, ಅದಕ್ಕಾದ್ರೂ ಬೆಲೆ ಬರಬಹುದು" ಎಂದಳು. ನೋಟುಗಳನ್ನು ಮಾತ್ರ ನಡೆದುಕೊಂಡು ಹೋಗಿ ನಾಲ್ಕನೇ ಕಿಟಕಿಯಲ್ಲಿಟ್ಟು ಬಂದಳು. ಅಂಚೆಯಲ್ಲಿ ಕಳಿಸಲು ಅವಳ ಹತ್ತಿರ ಇಪ್ಪತ್ತು ಲಕ್ಷ ಎಲ್ಲಿತ್ತು?

ಆ ಚಳಿಗಾಲ ಮುಗಿಯುವಷ್ಟರಲ್ಲಿ ಹೊಸ ಹಣ ಬಂತು. ಒಂದು ಮಾರ್ಕು ಅಂದರೆ ಒಂದು ಮಾರ್ಕು. ಸೋಮವಾರ ಇದ್ದ ಬೆಲೆ ಶನಿವಾರವೂ ಇರುತ್ತಿತ್ತು. ಅಂಗಡಿಯ ಕಿಟಕಿಯಲ್ಲಿ ಸಾಸೇಜು ತೂಗುಬಿಟ್ಟರು. ಮಕ್ಕಳು ಗಾಜಿಗೆ ಮೂಗು ಒತ್ತಿ ನಿಂತು ಅದನ್ನು ನೋಡುವುದೇ ಒಂದು ಜಾತ್ರೆ. ನಿಜವಾದ ಕಾಫಿ ಬೀಜ ಹುರಿಯುವ ವಾಸನೆ ಬೀದಿಗೆ ಬಂದ ದಿನ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಅತ್ತಳು, ಯುದ್ಧದ ಸುದ್ದಿಗೂ ಅಳದವಳು. ನದಿಯ ಆಚೆ ಕೂಲಿಕಾರರಿಗೆ ಹೊಸ ಮನೆ ಕಟ್ಟಿದರು, ಒಂದೊಂದು ಮನೆಗೂ ಒಂದು ಸ್ನಾನದ ಕೋಣೆ. ನಮ್ಮ ಗಣರಾಜ್ಯ ಸೂತಕ ಕಳೆದುಕೊಂಡು ಎದ್ದು ಕೂತ ಹಾಗಿತ್ತು. ಯಾರು ಏನೇ ಹೇಳಲಿ, ಆ ನಾಲ್ಕೈದು ವರ್ಷ ಚೆನ್ನಾಗಿತ್ತು.

ಇಪ್ಪತ್ತೈದರಲ್ಲಿ ಹೊಸ ಕಾನೂನು ಬಂದು, ಮುಳುಗಿದ ಉಳಿತಾಯಕ್ಕೆ ಸ್ವಲ್ಪ ಸ್ವಲ್ಪ ವಾಪಸ್ ಕೊಡುತ್ತಾರೆ ಎಂದಾಯಿತು. ಊರಿನ ಮುದುಕರೆಲ್ಲ ಹಳೇ ಪಾಸ್‌ಪುಸ್ತಕ ಹಿಡಿದು ನಗರಸಭೆಗೆ ನುಗ್ಗಿದರು. ಆ ಕೆಲಸ ನೋಡಿಕೊಳ್ಳುತ್ತಿದ್ದ ಕ್ವಾಂಟೆಗೆ ಊರಿನ ಮನೆ ಮನೆಯೂ ಗೊತ್ತಿರುವ ಒಬ್ಬ ಗುಮಾಸ್ತೆ ಬೇಕಾಗಿತ್ತು. ಅಂಥವಳು ಒಬ್ಬಳೇ. ಕಾಯಂ ಕೆಲಸ, ಪಿಂಚಣಿ. ಗೇಸಿನೆಗೆ ಆಗ ಹದಿನಾಲ್ಕು, ವಾಣಿಜ್ಯ ಶಾಲೆಗೆ ಸೇರಬೇಕು, ಶುಲ್ಕ ಕಟ್ಟಬೇಕು. ಆಲ್ವೀನೆಯ ಬಲಗೈ ಇಸ್ತ್ರಿ ಪೆಟ್ಟಿಗೆ ಎಳೆದೆಳೆದು ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಅಡ್ಡ ನಿಂತಿದ್ದು ಆ ಒಂದು ಸಾಲು. ಕಾರಣವಿಲ್ಲದೆ ಗೈರಾದವಳನ್ನು ಕಾಯಂ ಮಾಡುವಂತಿಲ್ಲ.

ಉಪಾಯ ಹೂಡಿದವನು ನಾನು. ಪಡಿತರ ಕಚೇರಿಯವರು ಹಳ್ಳಿಗೆ ಹೋಗಿ ಆಲೂಗಡ್ಡೆ ತೂಗಿಸಿ ಬಂದರೆ, ಅದನ್ನು 'ಹೊರಗಿನ ಕೆಲಸ' ಎಂಬ ಅಂಕಣದಲ್ಲಿ ಬರೆಯುತ್ತಿದ್ದರು. ಆ ಐದು ದಿನ ನಗರಸಭೆಯ ಠಸ್ಸೆ ಕಚೇರಿಯ ಹೊರಗಿತ್ತು. ಠಸ್ಸೆ ಅವಳ ಜೇಬಿನಲ್ಲಿತ್ತು. ಅಂದರೆ ಸರ್ಕಾರದ ಸೊತ್ತು ಕಾಯುತ್ತಾ ಅವಳು ಹೊರಗಿನ ಕೆಲಸದ ಮೇಲಿದ್ದಳು! ಕ್ವಾಂಟೆಗೆ ಹೇಳಿದೆ. ಮನುಷ್ಯ ಕುರ್ಚಿಯಿಂದ ಎದ್ದು ನನ್ನ ಕೈ ಕುಲುಕಿದ. ಸಾಲು ಹೊಡೆದುಹಾಕಬಹುದು, ಸಂಬಳವನ್ನು ಹೊಸ ಹಣದಲ್ಲೇ ಕೊಡಬಹುದು, ಕೆಲಸವೂ ಸಿಗುತ್ತದೆ. ನಾನು ಬೀಗುತ್ತಾ ಎರಡನೇ ಮಹಡಿ ಹತ್ತಿದೆ. ಆಲ್ವೀನೆ ಇಸ್ತ್ರಿ ನಿಲ್ಲಿಸದೆ ಕೇಳಿಸಿಕೊಂಡಳು.

"ಯೋಬ್ಸ್ಟ್, ಆ ಐದು ದಿನ ನಾನು ಠಸ್ಸೆ ಕಾಯ್ತಿದ್ನಾ?"

"ಜೇಬಲ್ಲಿತ್ತಲ್ಲ."

"ಕರವಸ್ತ್ರಾನೂ ಇತ್ತು. ಕರವಸ್ತ್ರ ಕಾಯ್ತಿದ್ಲು ಅಂತ ಬರೆಸ್ತೀಯಾ?"

"ಒಂದು ಪದ ಕಣೇ! ಒಂದು ಪದಕ್ಕೋಸ್ಕರ ಮಗಳ ಓದು ಕಳೀತೀಯಾ? ಊರೆಲ್ಲ ಹಂಗೇ ಬರ್ಸಿಕೊಂಡಿದೆ."

"ನಿಂದೇನು ಬರ್ಸಿಕೊಂಡೆ?"

ಹೇಳಬಾರದಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು. "ಬಾಯ್ಲರ್ ದುರಸ್ತಿ" ಎಂದೆ.

ಅವಳು ಪೆಟ್ಟಿಗೆಯನ್ನು ಒಲೆಯ ಮೇಲಿಟ್ಟು ನನ್ನ ಕಡೆ ತಿರುಗಿದಳು. "ಈಗ ಸರಿ ಹೋಯ್ತಾ ಬಾಯ್ಲರ್?"

ಗೇಸಿನೆ ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದಳು.

"ಕೇಳು" ಎಂದಳು ಆಲ್ವೀನೆ. "ಅವತ್ತು ಆ ಹುಡುಗ ಪಿಸ್ತೂಲಿಗೆ ಕೈ ಹಾಕ್ದಾಗ ನಾನು ಸರ್ಕಾರಿ ಕೆಲಸದ ಮೇಲಿದ್ದೆ ಅಂದ್ರೆ, ಸಂಬಳಕ್ಕೋಸ್ಕರ ನಿಂತಿದ್ದೆ ಅಂತಾಯ್ತು. ಸಂಬಳ ಕೊಡೋರು ಬದಲಾಗಿದ್ರೆ ಠಸ್ಸೆ ಕೊಟ್ಬಿಡ್ತಿದ್ದೆ ಅಂತಾನೂ ಆಯ್ತು. ನಾನು ಕೆಲ್ಸ ಮಾಡ್ತಿರ್ಲಿಲ್ಲ. ಕೆಲ್ಸ ನಿಲ್ಸಿದ್ದೆ. ಎರಡೂ ಒಂದೇ ಅಲ್ಲ."

"ತಲೆಕೆಟ್ಟವಳು ನೀನು."

"ಇರ್ಲಿ. ನಿನ್ನ ಅಂಗಿ ಸಂಜೆ ತಗೊಂಡು ಹೋಗು, ಕಾಲರ್ ಹರಿದಿದೆ."

ಅವಳು ಕೆಲಸ ಬೇಡ ಎಂದಳು. ನಾನಾಗಿದ್ದರೆ ಒಪ್ಪುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಎರಡು ವರ್ಷ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಗೇಸಿನೆ ವಾಣಿಜ್ಯ ಶಾಲೆಗೆ ಹೋಗಲಿಲ್ಲ. ದರ್ಜಿಯ ಹತ್ತಿರ ಕೆಲಸ ಕಲಿಯಲು ಸೇರಿದಳು. ತಾಯಿಯ ಮೇಲೆ ಅವಳಿಗೆ ಸಿಟ್ಟಿತ್ತು, ಇವತ್ತಿಗೂ ಪೂರ್ತಿ ಹೋಗಿಲ್ಲ. ಅದಕ್ಕೆ ಅವಳನ್ನು ತಪ್ಪು ಅನ್ನುವವನು ನಾನಲ್ಲ. ಮುಂದಿನ ವರ್ಷ ಕೂಲಿಕಾರರ ಸಹಕಾರಿ ಅಂಗಡಿಯವರು ಪ್ರಮಾಣಪತ್ರ ಕೇಳದೆ ಆಲ್ವೀನೆಯನ್ನು ತಕ್ಕಡಿಯ ಹಿಂದೆ ನಿಲ್ಲಿಸಿದರು. ಹಿಟ್ಟು, ಸಕ್ಕರೆ, ಉಪ್ಪುಹಾಕಿದ ಹೆರಿಂಗ್ ಮೀನು. ಅಲ್ಲೇ ಇದ್ದಾಳೆ. ಐವತ್ತೊಂದು ವಯಸ್ಸು. ತೂಕದಲ್ಲಿ ಒಂದು ಗುಲಗಂಜಿ ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.

ಈ ವರ್ಷ ನಮ್ಮ ಊರಿಗೆ ಆರುನೂರು ವರ್ಷ ತುಂಬಿತು. ಬಾವುಟ, ಬ್ಯಾಂಡು, ಬಿಯರು, ಜೊತೆಗೆ ಊರಿನ ಚರಿತ್ರೆಯ ಪುಸ್ತಕ. ಬರೆದವರು ನಿವೃತ್ತ ಮೇಷ್ಟ್ರು ಹೆರ್ ಲೂಡೆಕಿಂಗ್. ಇಪ್ಪತ್ತೆರಡರಲ್ಲಿ ನಮ್ಮೂರಿಗೆ ಬಂದವರು, ಪ್ರಾಮಾಣಿಕರು. ನಾನು ಪುಸ್ತಕ ಕೊಂಡು ಮೊದಲು ಆ ಮಾರ್ಚಿನ ಪುಟ ತೆಗೆದೆ. ಮೂರೇ ಸಾಲು. ನಗರದಲ್ಲಿ ಫ್ಲೂ ಜ್ವರ ಹರಡಿತ್ತು. ತಡವಾಗಿ ಬಿದ್ದ ಹಿಮದಿಂದ ರೈಲು ನಿಂತಿತು, ಬಾಯ್ಲರ್ ಕೆಟ್ಟು ಗ್ಯಾಸ್ ಇರಲಿಲ್ಲ. ಬರ್ಲಿನ್ನಿನ ಗಲಾಟೆ ನಮ್ಮ ನಗರವನ್ನು ಮುಟ್ಟಲಿಲ್ಲ.

ಅವರ ಮನೆಗೇ ಹೋದೆ. "ಏನ್ ಮೇಷ್ಟ್ರೇ ಇದು? ಊರಿಗೆ ಊರೇ ಮುಷ್ಕರ ಮಾಡಿತ್ತು!"

"ಇರಬಹುದು. ನಾನು ಬಾಯಿಮಾತು ಬರೆಯಲ್ಲ, ಕ್ಷಮಿಸಿ. ಕಡತ ನೋಡಿ ಬರೀತೀನಿ. ಆ ವಾರದ ಪತ್ರಿಕೆ ಇಲ್ಲ."

"ಅಚ್ಚು ಹಾಕೋರೂ ಮುಷ್ಕರದಲ್ಲಿದ್ರು!"

"ನಿಮ್ಮ ಸಂಘದ ನಡಾವಳಿ ಕೊಡಿ, ತಿದ್ದಿ ಬರೀತೀನಿ."

ಅದನ್ನು ಒಲೆಗೆ ಹಾಕಿದ್ದು ನಾನೇ. ತಲೆ ತಗ್ಗಿಸಿದೆ. ಮೇಷ್ಟ್ರು ನನಗೆ ಸಮಾಧಾನ ಮಾಡುವ ಹಾಗೆ ಹೇಳಿದರು: "ಒಂದು ವಿಚಿತ್ರ ನೋಡಿ. ಇನ್ನೂರ ಹದಿನಾಲ್ಕು ಜನ ನೌಕರರ ಪಟ್ಟಿ ಓದಿದೆ. ಇನ್ನೂರ ಹದಿಮೂರು ಜನರಿಗೂ ಕಾರಣ ಇದೆ. ಒಬ್ಬ ಹೆಂಗಸಿಗೆ ಮಾತ್ರ ಇಲ್ಲ. ಪಾಪ, ಸೋಮಾರಿ ಇದ್ದಳೇನೋ."

ಅಲ್ಲಿಂದ ನೇರ ಸಹಕಾರಿ ಅಂಗಡಿಗೆ ಹೋದೆ. ಆಲ್ವೀನೆ ಒಣ ಬಟಾಣಿ ತೂಗುತ್ತಿದ್ದಳು. ಹೇಳಿದೆ. ತಕ್ಕಡಿಯ ಮುಳ್ಳು ನಿಂತ ಮೇಲೆ ಅವಳು ಬಟಾಣಿಯನ್ನು ಪೊಟ್ಟಣಕ್ಕೆ ಸುರಿದಳು.

"ಹಾಗಾದ್ರೆ ಆ ವಾರ ಊರಲ್ಲಿ ಏನೋ ನಡೀತು ಅನ್ನೋಕೆ ಉಳಿದಿರೋದು ನನ್ನ ಸಾಲೊಂದೇ" ಎಂದಳು. "ಅದನ್ನೂ ಹೊಡೆದುಹಾಕಿಸೋಕೆ ಅವತ್ತು ಬಂದಿದ್ಯಲ್ಲ ನೀನು."

ಹೊರಗೆ ಬೀದಿಯಲ್ಲಿ ಕಂದು ಅಂಗಿ ತೊಟ್ಟ ಹುಡುಗರು ಸಾಲಾಗಿ ಹೋಗುತ್ತಿದ್ದರು. ಸೆಪ್ಟೆಂಬರಿನ ಚುನಾವಣೆಯಾದ ಮೇಲೆ ಅವರ ಎದೆ ಒಂದಂಗುಲ ಮುಂದೆ ಬಂದಿದೆ. ಅವರಲ್ಲೊಬ್ಬ ಮೊನ್ನೆ ಚೌಕದಲ್ಲಿ ಕೂಗುತ್ತಿದ್ದ, ಈ ಗಣರಾಜ್ಯಕ್ಕಾಗಿ ಹೋಲ್ಟೆನ್‌ಬೆಕ್‌ನಲ್ಲಿ ಯಾರೂ ಒಂದು ಹೊತ್ತಿನ ಊಟ ಬಿಟ್ಟಿಲ್ಲ, ಪುಸ್ತಕ ಓದಿ ನೋಡಿ ಎಂದು. ನಮ್ಮ ಕೈಯಲ್ಲೇ ಬರೆಸಿದ ಸುಳ್ಳನ್ನು ಅವನು ನಮಗೇ ಓದಿ ಹೇಳುತ್ತಿದ್ದಾನೆ. ಅವನನ್ನು ಬೈಯಲು ನನಗೆ ಯಾವ ಬಾಯಿದೆ?

ಮಾರನೇ ದಿನ ನಾನು ನಗರಸಭೆಗೆ ಹೋಗಿ ಒಂದು ಹಾಳೆ ಕೊಟ್ಟೆ. ಅದರಲ್ಲಿ ಬರೆದದ್ದು ಇಷ್ಟು: ಬಾಯ್ಲರ್ ಕೆಟ್ಟಿರಲಿಲ್ಲ. ಬೆಂಕಿಯನ್ನು ನಾನೇ ನನ್ನ ಕೈಯಾರೆ ಆರಿಸಿದೆ, ಮುಷ್ಕರಕ್ಕಾಗಿ ಆರಿಸಿದೆ, ಆವತ್ತು ಸುಳ್ಳಿಗೆ ಸಹಿ ಹಾಕಿದ್ದು ತಪ್ಪು. ಕಿಟಕಿಯ ಗುಮಾಸ್ತೆ ಇದಕ್ಕೆ ನಮೂನೆ ಇಲ್ಲ ಎಂದ. ಅಲ್ಲೇ ಕೂತೆ. ಮಧ್ಯಾಹ್ನದ ಹೊತ್ತಿಗೆ ತೆಗೆದುಕೊಂಡು ಕಡತಕ್ಕೆ ಹಾಕಿದ, ನನ್ನನ್ನು ಎಬ್ಬಿಸಬೇಕಿತ್ತಲ್ಲ. ಈಗ ಆ ಕಡತದಲ್ಲಿ ಆಲ್ವೀನೆಯ ಸಾಲಿನ ಪಕ್ಕ ಇನ್ನೊಂದು ಕಾಗದವಿದೆ. ಎರಡು ಸಾಲದು. ಇಬ್ಬರನ್ನು ಹುಚ್ಚರು ಎಂದು ತಳ್ಳಿಹಾಕುವುದು ಸುಲಭ, ಇನ್ನೂರು ಜನರನ್ನು ಆಗುವುದಿಲ್ಲ.

ಜ್ವರ ಬಂದಿತ್ತು ಎಂದು ಬರೆಸಿಕೊಂಡ ಮೇಷ್ಟ್ರುಗಳೇ, ಹಿಮ ಬಿತ್ತು ಎಂದ ರೈಲಿನವರೇ, ನನ್ನ ಜೊತೆ ಬೆಂಕಿ ಆರಿಸಿದ ಗೆಳೆಯರೇ, ನೀವಿನ್ನೂ ಬದುಕಿದ್ದೀರಿ. ಯಾರು ಯಾರು ಎಂದು ನನಗೆ ಗೊತ್ತು. ಆ ಐದು ದಿನ ನೀವು ಏನು ಮಾಡಿದಿರಿ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಕೆಳಗೆ ಪೂರ್ತಿ ಹೆಸರು ಹಾಕಿ. ಈ ವಾರ ಮುಗಿಯುವುದರೊಳಗೆ ನಗರಸಭೆಗೆ ತಂದುಕೊಡಿ, ತೆಗೆದುಕೊಳ್ಳುವವರೆಗೂ ಅಲ್ಲಿಂದ ಏಳಬೇಡಿ.